ಮೊದಲು ತೂಕ, ಆಮೇಲೆ ತೂತು: ಪುಟ್ಟ ಜಾನ್ ಬೋಟನ್ನು ಮೀನುಗಾರಿಕೆಗೆ ಸಜ್ಜುಗೊಳಿಸುವ ಕ್ರಮ

ಹದಿನಾಲ್ಕು ಅಡಿಯ ಹಳೆಯ ಅಲ್ಯೂಮಿನಿಯಂ ಜಾನ್ ಬೋಟೊಂದನ್ನು (ಚಪ್ಪಟೆ ತಳದ ಚಿಕ್ಕ ದೋಣಿ) ಟ್ರೇಲರ್ ಸಮೇತ ಕೊಂಡು ತಂದವರು ಸಾಮಾನ್ಯವಾಗಿ ಮೊದಲ ವಾರ ಪ್ಲೈವುಡ್ ತಂದು ಅಟ್ಟಣೆ ಹೊಡೆಯುತ್ತಾರೆ. ಎರಡನೆಯ ವಾರ ಅದರ ಮೇಲೆ ಕಾರ್ಪೆಟ್ ಅಂಟಿಸುತ್ತಾರೆ. ಮೂರನೆಯ ವಾರ ವೈರು ಎಳೆಯಲೆಂದು ಅದೇ ಅಟ್ಟಣೆಯನ್ನು ಕೊರೆಯುತ್ತಾರೆ. ನಾಲ್ಕನೆಯ ವಾರ ದೋಣಿ ನೀರಿಗಿಳಿದಾಗ ತಳದ ತಗಡುಗಳನ್ನು ಜೋಡಿಸಿರುವ ರಿವೆಟ್‌ಗಳು ಸೋರುತ್ತಿರುವುದು ತಿಳಿದು, ಕಟ್ಟಿದ್ದನ್ನೆಲ್ಲ ಕೀಳಬೇಕಾಗುತ್ತದೆ. ನ್ಯೂಜೆರ್ಸಿಯಲ್ಲಿ ನನಗೆ ಪರಿಚಯವಿರುವ ಕನ್ನಡಿಗರಲ್ಲೇ ಈ ಪಾಡು ಪಟ್ಟವರು ಹಲವರಿದ್ದಾರೆ, ಅವರಲ್ಲಿ ನಾನೂ ಒಬ್ಬ. ನಮ್ಮಲ್ಲಿ ಯಾರಿಗೂ ಡ್ರಿಲ್ ಹಿಡಿಯಲು ಬಾರದೆ ಹೀಗಾಗಲಿಲ್ಲ. ಕೊನೆಯಲ್ಲಿ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿದ್ದರಿಂದ ಹೀಗಾಯಿತು. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದಿರುವ ಅನುಕ್ರಮದಲ್ಲಿಯೇ ನಡೆಸಬೇಕೆಂಬುದು ನನ್ನ ಒತ್ತಾಯ.

ಬೇಕಾಗುವ ಸಲಕರಣೆಗಳು ಹೆಚ್ಚಿಲ್ಲ. ಮನೆಯ ತೂಕದ ಯಂತ್ರ, ಅಳತೆಪಟ್ಟಿ, ಡ್ರಿಲ್, ಕೈಯಿಂದ ಒತ್ತುವ ರಿವೆಟ್ ಗನ್, ಅರ, ವೈರಿನ ತುದಿಗಳನ್ನು ಅದುಮುವ ಕ್ರಿಂಪಿಂಗ್ ಇಕ್ಕಳ, ಮಲ್ಟಿಮೀಟರ್ ಮತ್ತು ಒಂದು ದಪ್ಪ ಮಾರ್ಕರ್ ಪೆನ್ನು ಇದ್ದರೆ ಸಾಕು. ಗುರುತು ಹಾಕಲು ಪೆನ್ಸಿಲ್ ಬೇಡ, ಏಕೆಂದರೆ ಪೆನ್ಸಿಲ್ಲಿನ ಗ್ರಾಫೈಟ್ ಒದ್ದೆಯ ಜಾಗದಲ್ಲಿ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ.

1. ತೂಕದ ಲೆಕ್ಕ

ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕದಾದ ಇಂಥ ಮೋಟಾರು ದೋಣಿಗಳಿಗೆ ತಯಾರಕರು ಸಾಮರ್ಥ್ಯದ ಫಲಕವೊಂದನ್ನು ಹಚ್ಚಿರಬೇಕು. ಎಷ್ಟು ಜನ, ಒಟ್ಟು ಎಷ್ಟು ಪೌಂಡ್ ಭಾರ, ಗರಿಷ್ಠ ಎಷ್ಟು ಅಶ್ವಶಕ್ತಿಯ ಮೋಟಾರು ಎಂಬುದು ಅದರಲ್ಲಿರುತ್ತದೆ. ಜನರ ಸಂಖ್ಯೆಯನ್ನು ಓದಿ ಮುಂದೆ ಹೋಗುವುದು ವಾಡಿಕೆಯಾದರೂ, ನಿಮಗೆ ಬೇಕಾದದ್ದು ಜನ, ಮೋಟಾರು ಮತ್ತು ಸಾಮಾನುಗಳ ಒಟ್ಟು ಭಾರವನ್ನು ಹೇಳುವ ಸಾಲು.

ಫಲಕದಲ್ಲಿ 550 ಪೌಂಡ್ ಎಂದಿದೆ ಎಂದುಕೊಳ್ಳೋಣ. ಇಬ್ಬರು ದೊಡ್ಡವರು ಸೇರಿ 350, ಸೀಸ-ಆಮ್ಲದ ಡೀಪ್ ಸೈಕಲ್ (ಹೆಚ್ಚು ಹೊತ್ತು ವಿದ್ಯುತ್ ಕೊಡುವ) ಬ್ಯಾಟರಿ 50, ಟ್ರೋಲಿಂಗ್ ಮೋಟಾರು (ದೋಣಿಯನ್ನು ಮೆಲ್ಲಗೆ ನಡೆಸುವ ವಿದ್ಯುತ್ ಮೋಟಾರು) 25, ಹಗ್ಗದೊಂದಿಗೆ ಲಂಗರು 15, ಗಾಳದ ಕೋಲುಗಳು ಮತ್ತು ಪೆಟ್ಟಿಗೆಗಳು 30, ಮಂಜುಗಡ್ಡೆ ತುಂಬಿದ ಕೂಲರ್ 25. ಇಷ್ಟಕ್ಕೇ 495 ಆಯಿತು, ಉಳಿದದ್ದು 55 ಪೌಂಡ್. ಮುಕ್ಕಾಲು ಅಂಗುಲ ದಪ್ಪದ, ನಾಲ್ಕಡಿಗೆ ಎಂಟಡಿಯ ಒಂದೇ ಒಂದು ಪ್ಲೈವುಡ್ ಹಾಳೆ ಸುಮಾರು 70 ಪೌಂಡ್ ತೂಗುತ್ತದೆ. ಅಂದರೆ ಅಂಗಡಿಯಿಂದ ಮೊದಲ ಹಲಗೆ ತಂದ ದಿನವೇ ದೋಣಿಯ ಮಿತಿ ಮೀರಿತು. ನೀವು ಕಟ್ಟುವ ಅಟ್ಟಣೆಯ ಭಾರವನ್ನು ಫಲಕ ಬರೆದವರು ಎಣಿಸಿರುವುದಿಲ್ಲವಾದ್ದರಿಂದ ಅದನ್ನು ನೀವೇ ಕಳೆದುಕೊಳ್ಳಬೇಕು.

ಹಲಗೆಯ ಬದಲು ಅಲ್ಯೂಮಿನಿಯಂ ತಗಡು ಹಾಕಿದರೆ ಹಗುರವಾಗುತ್ತದೆಂಬ ನಂಬಿಕೆ ಪೂರ್ತಿ ನಿಜವಲ್ಲ. ಅಂಗುಲದ ಎಂಟನೆಯ ಒಂದು ಭಾಗದಷ್ಟು ದಪ್ಪದ ತಗಡು ಅದೇ ಅಳತೆಯಲ್ಲಿ 56 ಪೌಂಡ್ ಬರುತ್ತದೆ. ಅರ್ಧ ಅಂಗುಲದ ಪ್ಲೈವುಡ್ ಸುಮಾರು 45. ತಗಡು ನೀರು ಕುಡಿಯುವುದಿಲ್ಲ ಎಂಬುದು ಅದರ ನಿಜವಾದ ಲಾಭ. ತೂಕ ಇಳಿಸಲು ಹೆಚ್ಚು ಖಚಿತವಾದ ದಾರಿ ಎಂದರೆ ಅಟ್ಟಣೆಯನ್ನು ಚಿಕ್ಕದು ಮಾಡುವುದು, ಇಲ್ಲವೇ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಕೊಳ್ಳುವುದು. 100 ಆಂಪಿಯರ್-ಗಂಟೆಯ ಅಂಥ ಬ್ಯಾಟರಿ ಸುಮಾರು 25 ಪೌಂಡ್ ತೂಗುತ್ತದೆ.

ಮೋಟಾರನ್ನು ಆರಿಸುವ ಮೊದಲು ನೀವು ಹೋಗುವ ಜಲಾಶಯದ ನಿಯಮವನ್ನು ನೋಡಿಕೊಳ್ಳಿರಿ. ನ್ಯೂಜೆರ್ಸಿಯ ಮನಾಸ್ಕ್ವಾನ್ ಜಲಾಶಯದಲ್ಲಿ ವಿದ್ಯುತ್ ಮೋಟಾರಿಗೆ ಮಾತ್ರ ಅವಕಾಶವಿದೆ. ಸ್ಪ್ರೂಸ್ ರನ್ ಮತ್ತು ರೌಂಡ್ ವ್ಯಾಲಿಗಳಲ್ಲಿ ಮಿತಿ 10 ಅಶ್ವಶಕ್ತಿ. ವಿದ್ಯುತ್ ಮೋಟಾರಿಗೆ ನೋಂದಣಿ ಬೇಡವೆಂಬ ಮಾತು ಬಾಯಿಂದ ಬಾಯಿಗೆ ಹರಿದಾಡುತ್ತಿದೆಯಾದರೂ ಅನೇಕ ರಾಜ್ಯಗಳಲ್ಲಿ, ನ್ಯೂಜೆರ್ಸಿಯೂ ಸೇರಿದಂತೆ, ಅದು ತಪ್ಪು.

2. ಸೋರಿಕೆ ಹುಡುಕುವುದು

ದೋಣಿಯನ್ನು ಪೂರ್ತಿ ಖಾಲಿ ಮಾಡಿ, ಹಳೆಯ ಮಾಲೀಕರು ಹಾಕಿದ ಕಾರ್ಪೆಟ್, ನೆಲಹಲಗೆ, ತುಕ್ಕು ಹಿಡಿದ ತಿರುಪು ಎಲ್ಲವನ್ನೂ ತೆಗೆಯಿರಿ. ತೂಬಿನ ಬಿರಡೆಯನ್ನು ಭದ್ರಪಡಿಸಿ, ದೋಣಿ ಟ್ರೇಲರಿನ ಮೇಲಿರುವಾಗಲೇ ಒಳಗೆ ಸ್ವಲ್ಪ ನೀರು ಬಿಟ್ಟು, ಕೆಳಗಿನಿಂದ ಎಲ್ಲಿ ಹನಿ ಕಟ್ಟುತ್ತದೆಂದು ನೋಡಿ ಮಾರ್ಕರಿನಿಂದ ಸುತ್ತು ಹಾಕಿರಿ. ಇಲ್ಲಿಯೂ ತೂಕವನ್ನು ಮರೆಯುವಂತಿಲ್ಲ: ಮೂರಡಿ ಅಗಲದ ತಳದಲ್ಲಿ ಎರಡು ಅಂಗುಲ ನೀರು ನಿಂತರೆ ಅದು 400 ಪೌಂಡಿಗೂ ಹೆಚ್ಚು. ಆದ್ದರಿಂದ ಟ್ರೇಲರಿನ ಮೂತಿಯನ್ನು ಎತ್ತಿ ಹಿಂಭಾಗವನ್ನು, ಆಮೇಲೆ ಇಳಿಸಿ ಮುಂಭಾಗವನ್ನು, ಹೀಗೆ ತುಂಡುತುಂಡಾಗಿ ಪರೀಕ್ಷಿಸುವುದು ಒಳ್ಳೆಯದು.

ಸಡಿಲವಾದ ರಿವೆಟ್ಟನ್ನು ಒಳಗಿನಿಂದ ಭಾರದ ಕಬ್ಬಿಣ ಆನಿಸಿ ಹೊರಗಿನಿಂದ ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡಬಹುದು. ಇದಕ್ಕೆ ಇಬ್ಬರು ಬೇಕು. ತೀರಾ ಹಾಳಾದದ್ದನ್ನು ಕೊರೆದು ತೆಗೆದು, ತುದಿ ಮುಚ್ಚಿರುವ ಅಲ್ಯೂಮಿನಿಯಂ ಪಾಪ್ ರಿವೆಟ್ಟನ್ನು ಸಮುದ್ರ ಬಳಕೆಯ ಪಾಲಿಯುರಿಥೇನ್ ಸೀಲೆಂಟಿನಲ್ಲಿ ಅದ್ದಿ ಹಾಕಬೇಕು. ತುದಿ ತೆರೆದಿರುವ ಸಾಮಾನ್ಯ ಪಾಪ್ ರಿವೆಟ್ ತನ್ನ ನಡುವಿನಿಂದಲೇ ನೀರು ಬಿಡುತ್ತದೆ. ಸ್ನಾನಗೃಹದ ಸಿಲಿಕೋನನ್ನು ಮೆತ್ತಬೇಡಿರಿ. ಅದು ಕೆಲವು ತಿಂಗಳಲ್ಲಿ ಸಿಪ್ಪೆಯಂತೆ ಏಳುವುದಲ್ಲದೆ, ಅದರ ಅಂಶ ಉಳಿದ ಜಾಗಕ್ಕೆ ಆಮೇಲೆ ಬೇರೆ ಯಾವ ಅಂಟೂ ಹಿಡಿಯುವುದಿಲ್ಲ.

ಮೋಟಾರನ್ನು ಹೊರುವ ಹಿಂಗೋಡೆಯ ಒಳಗಡೆ ಹಲಗೆ ಇರುತ್ತದೆ. ಅದನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಗಟ್ಟಿ ಸದ್ದಿನ ಬದಲು ಮಂಕಾದ ಸದ್ದು ಬಂದರೆ ಅಥವಾ ತಿರುಪಿನ ಬಾಯಿಂದ ಕಂದು ನೀರು ಒಸರಿದರೆ ಹಲಗೆ ಕೊಳೆತಿದೆ ಎಂದರ್ಥ. ಅದನ್ನು ಬದಲಿಸದೆ ಮುಂದಿನ ಹಂತಕ್ಕೆ ಹೋಗಬೇಡಿರಿ.

3. ಒಂದೂ ತೂತು ಕೊರೆಯದೆ ಮೂರು ಸಲ ನೀರಿಗೆ

ಬಹುತೇಕರು ಹಾರಿಹೋಗುವ ಹಂತವಿದು. ಬ್ಯಾಟರಿ, ಕೂಲರ್, ಗಾಳದ ಪೆಟ್ಟಿಗೆ, ಲಂಗರು, ಕುರ್ಚಿ ಇವುಗಳನ್ನು ಪಟ್ಟಿಗಳಿಂದ ತಾತ್ಕಾಲಿಕವಾಗಿ ಬಿಗಿದು, ಬರಿಯ ದೋಣಿಯಲ್ಲಿಯೇ ಮೂರು ಸಲವಾದರೂ ಮೀನು ಹಿಡಿದು ಬನ್ನಿರಿ. ಪ್ರತಿ ಸಲವೂ ಕೈ ಎಲ್ಲಿಗೆ ಹೋಯಿತು, ಕಾಲು ಯಾವುದಕ್ಕೆ ಎಡವಿತು, ಮೀನು ಬಿದ್ದಾಗ ಬಲೆ ಯಾರ ಬೆನ್ನ ಹಿಂದಿತ್ತು ಎಂಬುದನ್ನು ಬರೆದಿಟ್ಟುಕೊಳ್ಳಿರಿ. ಗ್ಯಾರೇಜಿನಲ್ಲಿ ನಿಂತು ಬರೆದ ನಕ್ಷೆ ನೀರಿನ ಮೇಲೆ ಅರ್ಧದಷ್ಟೂ ಉಳಿಯುವುದಿಲ್ಲ.

ಈ ಓಡಾಟಗಳಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಮುಂದು-ಹಿಂದಿನ ಸಮತೂಕ. ನಡೆಸುವವರು, ಮೋಟಾರು, ಬ್ಯಾಟರಿ ಮೂರೂ ಹಿಂದೆಯೇ ಕುಳಿತರೆ ಮೂತಿ ಮೇಲೇಳುತ್ತದೆ, ಹಿಂಗೋಡೆಯ ಅಂಚು ನೀರಿಗೆ ಹತ್ತಿರವಾಗುತ್ತದೆ, ಪಕ್ಕದ ಗಾಳಿ ಬೀಸಿದೊಡನೆ ಮೂತಿ ತಿರುಗಿ ದೋಣಿ ಮಾತು ಕೇಳದಾಗುತ್ತದೆ. ಒಬ್ಬರೇ ಹೋಗುವವರು ಬ್ಯಾಟರಿಯನ್ನು ನಡುಬೆಂಚಿನ ಮುಂದಕ್ಕೆ ಸರಿಸಿದರೆ ಈ ತೊಂದರೆ ಬಹುಪಾಲು ತೀರುತ್ತದೆ. ಬ್ಯಾಟರಿಯ ಜಾಗ ಇಲ್ಲಿ ಗೊತ್ತಾಗದೆ ವೈರಿನ ಉದ್ದ ಗೊತ್ತಾಗುವುದಿಲ್ಲ, ವೈರಿನ ಉದ್ದ ಗೊತ್ತಾಗದೆ ಅದರ ದಪ್ಪ ಗೊತ್ತಾಗುವುದಿಲ್ಲ.

4. ನೆಲ, ಅಟ್ಟಣೆ ಮತ್ತು ತೇಲುವ ಫೋಮ್

ಹಂಪಿಯಲ್ಲಿ ಹರಿಗೋಲು ಹತ್ತಿದವರಿಗೆ ಚಪ್ಪಟೆ ತಳದ ಸ್ವಭಾವ ಗೊತ್ತಿರುತ್ತದೆ: ಕುಳಿತಿರುವಷ್ಟು ಹೊತ್ತು ಅದರಷ್ಟು ನೆಮ್ಮದಿಯದು ಇನ್ನೊಂದಿಲ್ಲ, ಎದ್ದು ಅಂಚಿಗೆ ಸರಿದಿರೋ ನಡೆಸುವವನು ಬೈಯುತ್ತಾನೆ. ಜಾನ್ ಬೋಟಿನದೂ ಅದೇ ಗುಣ. 36 ಅಂಗುಲ ಅಗಲದ ತಳದ ಮೇಲೆ ಬೆಂಚಿಗಿಂತ ಎತ್ತರವಾದ ಅಟ್ಟಣೆ ಕಟ್ಟಿ, ಅದರ ಮೇಲೆ ಕುರ್ಚಿಯ ಕಂಬ ನೆಟ್ಟು, ನಿಂತು ಗಾಳ ಬೀಸುವುದು ಮಗುಚುವುದಕ್ಕೆ ಮಾಡಿಕೊಂಡ ಏರ್ಪಾಡು. ನಿಂತೇ ಹಿಡಿಯಬೇಕೆನ್ನುವವರು 48 ಅಂಗುಲ ತಳದ ದೋಣಿಯನ್ನು ಕೊಳ್ಳುವುದು ಲೇಸು. ಚಿಕ್ಕದರಲ್ಲಿ ಮುಂದಿನ ಬೆಂಚಿನ ಮಟ್ಟಕ್ಕೆ ಒಂದು ಪುಟ್ಟ ಅಟ್ಟಣೆ, ಉಳಿದೆಡೆ ಜಾರದ ನೆಲಹಲಗೆ, ಇಷ್ಟೇ ಸಾಕು.

ನಡುಬೆಂಚನ್ನು ಕತ್ತರಿಸಿ ತೆಗೆದು ವಿಶಾಲವಾದ ನೆಲ ಮಾಡಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಆ ಬೆಂಚು ದೋಣಿಯ ಎರಡು ಪಕ್ಕಗಳನ್ನು ಹಿಡಿದಿಟ್ಟಿರುವ ತೊಲೆಯೂ ಹೌದು, ಅದರೊಳಗಿನ ಫೋಮ್ ದೋಣಿಯಲ್ಲಿ ನೀರು ತುಂಬಿದಾಗ ಅದನ್ನು ಮುಳುಗದಂತೆ ತೇಲಿಸುವ ವಸ್ತುವೂ ಹೌದು. ಒಂದು ಘನ ಅಡಿ ಫೋಮ್ ಸುಮಾರು 60 ಪೌಂಡನ್ನು ನೀರಿನಲ್ಲಿ ಹೊರುತ್ತದೆ. ಬೆಂಚಿನಿಂದ ಎಷ್ಟು ತೆಗೆದಿರೋ ಅಷ್ಟನ್ನು ಬೇರೆಡೆ ಇಡದೆ ದೋಣಿಯನ್ನು ನೀರಿಗಿಳಿಸುವುದು ತಪ್ಪು. ಹಳೆಯ ಫೋಮ್ ನೀರು ಹೀರಿಕೊಂಡಿದ್ದರೆ ಅದನ್ನು ಬದಲಿಸಲೇಬೇಕು. ಮನೆ ಕಟ್ಟಲು ಬಳಸುವ ಗುಲಾಬಿ ಅಥವಾ ನೀಲಿ ಪಾಲಿಸ್ಟೈರೀನ್ ಹಲಗೆಗಳು ಇದಕ್ಕೆ ಒದಗುತ್ತವೆ, ಆದರೆ ಪೆಟ್ರೋಲ್ ಸೋಕಿದರೆ ಅವು ಕರಗಿಹೋಗುವುದರಿಂದ ಇಂಧನದ ಡಬ್ಬಿಯ ಬಳಿ ಹಾಕಬಾರದು.

ಈಗ ನನ್ನ ತಪ್ಪಿನ ಕಥೆ. ಮಳೆಗೆ ಕೊಳೆಯದಿರಲಿ ಎಂದು ನಾನು ನನ್ನ ಮೊದಲ ದೋಣಿಗೆ ರಾಸಾಯನಿಕ ಉಣಿಸಿದ, ಹಸಿರು ಛಾಯೆಯ ಮರವನ್ನು ಹಾಕಿದೆ. ಎರಡನೆಯ ವರ್ಷ ಹಲಗೆ ಎತ್ತಿ ನೋಡಿದಾಗ ಅದು ತಾಗಿದ್ದ ಉದ್ದಕ್ಕೂ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ, ಉಗುರು ಹೊಗುವಷ್ಟು ಕುಳಿಗಳು ಬಿದ್ದಿದ್ದವು. ಇಂದು ಮಾರಾಟವಾಗುವ ಅಂಥ ಮರದಲ್ಲಿ ಹೆಚ್ಚಾಗಿ ತಾಮ್ರದ ಲವಣಗಳಿರುತ್ತವೆ. ತಾಮ್ರ, ನೀರು, ಅಲ್ಯೂಮಿನಿಯಂ ಒಂದೆಡೆ ಸೇರಿದರೆ ಅದೊಂದು ಬ್ಯಾಟರಿಯಾಗಿ, ಸವೆಯುವ ಪಾಳಿ ಅಲ್ಯೂಮಿನಿಯಮ್ಮಿನದಾಗುತ್ತದೆ. ಆದ್ದರಿಂದ ರಾಸಾಯನಿಕವಿಲ್ಲದ, ಹೊರಾಂಗಣ ದರ್ಜೆಯ ಪ್ಲೈವುಡ್ಡನ್ನು ತಂದು, ಮುಖ್ಯವಾಗಿ ಅದರ ಅಂಚುಗಳಿಗೂ ಕೊರೆದ ತೂತುಗಳ ಒಳಮೈಗೂ ಎಪಾಕ್ಸಿ ಕುಡಿಸಿ ಬಳಸಿರಿ. ಇದೇ ಕಾರಣಕ್ಕೆ ಹಿತ್ತಾಳೆಯ ತಿರುಪು, ತಾಮ್ರವಿರುವ ತಳದ ಬಣ್ಣ ಮತ್ತು ಜೇಬಿನಿಂದ ಜಾರಿ ತಳದಲ್ಲಿ ಉಳಿಯುವ ಒಂದು ಸೆಂಟಿನ ನಾಣ್ಯ ಕೂಡ ದೋಣಿಗೆ ಶತ್ರುಗಳು. ಸ್ಟೇನ್‌ಲೆಸ್ ಬೋಲ್ಟುಗಳನ್ನು ಬಳಸಬಹುದು, ಆದರೆ ಎರಡು ಲೋಹಗಳನ್ನು ಬೇರ್ಪಡಿಸುವ ಲೇಪವನ್ನು ಅವುಗಳ ತಿರುಪಿನ ಸುರುಳಿಗೆ ಹಚ್ಚಿ, ನೈಲಾನ್ ವಾಷರ್ ಹಾಕಬೇಕು.

ಚೌಕಟ್ಟಿಗೆ ಒಂದಂಗುಲದ ಅಲ್ಯೂಮಿನಿಯಂ ಕೋನಪಟ್ಟಿ ಸಾಕು. ಅದನ್ನು ಬೆಂಚಿಗೂ ಪಕ್ಕದ ಅಡ್ಡಪಟ್ಟಿಗಳಿಗೂ ರಿವೆಟ್ ಮಾಡಿರಿ. ನೀರಿನ ಮಟ್ಟಕ್ಕಿಂತ ಕೆಳಗಿನ ಹೊರಚರ್ಮಕ್ಕೆ ಯಾವ ಕಾರಣಕ್ಕೂ ತೂತು ಹಾಕಬೇಡಿರಿ. ನೆಲಹಲಗೆಯನ್ನು ಅಂಟಿಸದೆ, ಬಿಚ್ಚಿ ತೆಗೆಯುವಂತೆ ಮೂರು ತುಂಡಾಗಿ ಮಾಡಿ, ಕೆಳಗೆ ನೀರು ಹಿಂದಿನ ತೂಬಿನವರೆಗೆ ಹರಿದುಹೋಗಲು ದಾರಿ ಬಿಡಿರಿ. ಕಾರ್ಪೆಟ್ ನೀರನ್ನೂ ಗಾಳದ ಕೊಕ್ಕೆಯನ್ನೂ ಒಂದೇ ನಿಷ್ಠೆಯಿಂದ ಹಿಡಿದುಕೊಳ್ಳುವುದರಿಂದ ಅದರ ಬದಲು ಮರಳು ಬೆರೆಸಿದ ಜಾರದ ಬಣ್ಣವೋ ರಬ್ಬರಿನಂಥ ಹಾಸೋ ಉತ್ತಮ.

5. ವಿದ್ಯುತ್

55 ಪೌಂಡ್ ನೂಕುಬಲದ 12 ವೋಲ್ಟ್ ಟ್ರೋಲಿಂಗ್ ಮೋಟಾರು ಪೂರ್ಣ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ಹತ್ತಡಿ ದೂರದಲ್ಲಿದ್ದರೆ ಹೋಗಿಬರುವ ವೈರಿನ ಉದ್ದ ಇಪ್ಪತ್ತಡಿ. ಅದಕ್ಕೆ 10 ಗೇಜಿನ ತೆಳು ವೈರು ಹಾಕಿದರೆ ದಾರಿಯಲ್ಲಿಯೇ ಒಂದು ವೋಲ್ಟ್ ಕಳೆದು, 50 ವ್ಯಾಟ್ ಶಕ್ತಿ ವೈರನ್ನು ಬಿಸಿ ಮಾಡಲು ಖರ್ಚಾಗುತ್ತದೆ. ಆ ದೂರಕ್ಕೆ 6 ಗೇಜ್, ಹದಿನೈದು ಅಡಿಗೆ 4 ಗೇಜ್ ಹಾಕಬೇಕು. ಗೇಜಿನ ಸಂಖ್ಯೆ ಇಳಿದಷ್ಟೂ ವೈರು ದಪ್ಪವೆಂಬುದನ್ನು ನೆನಪಿಡಿರಿ. ತವರ ಬಳಿದ ತಾಮ್ರದ ಎಳೆಗಳುಳ್ಳ, ದೋಣಿಗೆಂದೇ ಮಾಡಿದ ವೈರು ಸಿಕ್ಕರೆ ಅದನ್ನೇ ಕೊಳ್ಳಿರಿ.

60 ಆಂಪಿಯರಿನ ಸರ್ಕ್ಯೂಟ್ ಬ್ರೇಕರನ್ನು ಬ್ಯಾಟರಿಯ ಧನ ತುದಿಯಿಂದ ಏಳು ಅಂಗುಲದೊಳಗೆ ಕೂರಿಸಬೇಕು. ಅದನ್ನು ಮೋಟಾರಿನ ಬಳಿ ಹಾಕುವುದು ಎಲ್ಲರೂ ಮಾಡುವ ತಪ್ಪು. ನಡುವೆ ಎಲ್ಲಿಯಾದರೂ ವೈರಿನ ಹೊದಿಕೆ ಸವೆದು ಅಲ್ಯೂಮಿನಿಯಂ ಅಂಚಿಗೆ ತಾಗಿದರೆ ಆ ಬ್ರೇಕರಿಗೆ ಸುದ್ದಿಯೇ ಮುಟ್ಟುವುದಿಲ್ಲ, ವೈರು ಮಾತ್ರ ಉರಿಯುತ್ತದೆ. ತಗಡಿನ ತೂತಿನಲ್ಲಿ ವೈರು ಹಾಯುವ ಕಡೆಯಲ್ಲೆಲ್ಲ ರಬ್ಬರಿನ ಬಳೆ ಹಾಕುವುದು ಕಡ್ಡಾಯ.

ಕಾರಿನಲ್ಲಿ ಮಾಡುವಂತೆ ದೋಣಿಯ ಮೈಯನ್ನೇ ಋಣ ತಂತಿಯಾಗಿ ಬಳಸಬೇಡಿರಿ. ದೀಪವಿರಲಿ, ನೀರೆತ್ತುವ ಪಂಪ್ ಇರಲಿ, ಪ್ರತಿಯೊಂದಕ್ಕೂ ಎರಡು ವೈರು ಎಳೆದು ಒಂದು ಪ್ಲಾಸ್ಟಿಕ್ ಹಲಗೆಯ ಮೇಲೆ ಕೂರಿಸಿದ ಬಸ್ ಬಾರಿಗೆ (ಹಲವು ವೈರುಗಳನ್ನು ಒಂದೆಡೆ ಕೂಡಿಸುವ ಲೋಹದ ಪಟ್ಟಿ) ಸೇರಿಸಿರಿ. ಮೈಯಲ್ಲಿ ವಿದ್ಯುತ್ ಹರಿದರೆ ಅಲ್ಯೂಮಿನಿಯಂ ಸವೆಯುವ ವೇಗ ಬಹಳ ಹೆಚ್ಚುತ್ತದೆ. ಕೆಲಸ ಮುಗಿದ ಮೇಲೆ ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಧನ ತುದಿಗೂ ಇನ್ನೊಂದನ್ನು ಉಜ್ಜಿದ ತಗಡಿಗೂ ಮುಟ್ಟಿಸಿದರೆ ಸೊನ್ನೆ ಬರಬೇಕು. ವೋಲ್ಟ್ ತೋರಿಸಿದರೆ ಎಲ್ಲೋ ಒಂದು ಋಣ ವೈರು ಮೈಗೆ ತಾಗಿದೆ. ಮೊನೆಯನ್ನು ಋಣ ತುದಿಗೆ ಬದಲಿಸಿ ಅಲ್ಲಿಯೂ ಹೀಗೆಯೇ ನೋಡಿರಿ.

ಮೀನು ತೋರುವ ಸೋನಾರ್ ಪರದೆಗೆ ಬೇರೆಯದೇ ಆದ ಚಿಕ್ಕ ಬ್ಯಾಟರಿ ಕೊಟ್ಟರೆ ಮೋಟಾರು ತಿರುಗುವಾಗ ಪರದೆಯಲ್ಲಿ ಮೂಡುವ ಗೆರೆಗಳ ಕಾಟ ತಪ್ಪುತ್ತದೆ. ಅದರ ಸಂವೇದಕವನ್ನು ಹಿಂಗೋಡೆಗೆ ತಿರುಪಿನಿಂದ ಜಡಿಯುವ ಬದಲು ಟ್ರೋಲಿಂಗ್ ಮೋಟಾರಿನ ಕೆಳತುದಿಗೆ ಪಟ್ಟಿಯಿಂದ ಕಟ್ಟಿದರೆ ನಾಲ್ಕು ತೂತು ಉಳಿಯುತ್ತವೆ. ಲಿಥಿಯಂ ಬ್ಯಾಟರಿಗೆ ಅದರದೇ ಚಾರ್ಜರ್ ಬೇಕು. ಚಳಿಗಾಲದಲ್ಲಿ ಅದರ ಉಷ್ಣತೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರುವಾಗ ಚಾರ್ಜ್ ಮಾಡಿದರೆ ಅದು ಶಾಶ್ವತವಾಗಿ ಕೆಡುತ್ತದೆ. ಪೆಟ್ರೋಲ್ ಮೋಟಾರು ಇಟ್ಟುಕೊಂಡವರು ಇಂಧನದ ಡಬ್ಬಿಯನ್ನೂ ಬ್ಯಾಟರಿಯನ್ನೂ ಒಂದೇ ಮುಚ್ಚಿದ ಗೂಡಿನಲ್ಲಿ ಇಡಲೇಬಾರದು.

6. ಸಾಮಾನುಗಳ ಜೋಡಣೆ

ಕುಳಿತ ಜಾಗದಿಂದ ಏಳದೆ ಕೈಗೆ ಸಿಗಬೇಕಾದವು ನಾಲ್ಕೇ: ಇಕ್ಕಳ, ದಾರ ಕತ್ತರಿಸುವ ಕತ್ತರಿ, ಬಲೆ, ಮತ್ತು ಆ ಹೊತ್ತಿಗೆ ಬೇಕಾದ ಒಂದು ಗಾಳದ ಪೆಟ್ಟಿಗೆ. ಉಳಿದ ಪೆಟ್ಟಿಗೆಗಳು ಬೆಂಚಿನ ಕೆಳಗಿರಲಿ. ಮನೆಯಲ್ಲಿರುವ ಎಲ್ಲ ಗಾಳಗಳನ್ನೂ ಹೊತ್ತೊಯ್ಯುವ ಚಟವನ್ನು ಬಿಡಿರಿ. ಸೀಸದ ಗುಂಡುಗಳು ಎಷ್ಟು ತೂಗುತ್ತವೆಂದು ಒಮ್ಮೆ ತೂಕದ ಯಂತ್ರದ ಮೇಲಿಟ್ಟು ನೋಡಿದವರಿಗೆ ಆ ಚಟ ತಾನಾಗಿ ಬಿಡುತ್ತದೆ. ಒದ್ದೆಯಾದ ಗಾಳವನ್ನು ಒಣ ಪೆಟ್ಟಿಗೆಗೆ ಹಿಂದಿರುಗಿಸದೆ ತೂತುಗಳಿರುವ ಒಂದು ಡಬ್ಬಿಗೆ ಹಾಕಿದರೆ ಉಳಿದ ಕೊಕ್ಕೆಗಳು ತುಕ್ಕು ಹಿಡಿಯುವುದಿಲ್ಲ.

ಏಳಡಿಯ ಕೋಲುಗಳನ್ನು ಒಂದು ಪಕ್ಕದಲ್ಲಿ ಉದ್ದಕ್ಕೆ ಮಲಗಿಸಿ, ತುದಿಗಳು ಪೈಪಿನ ತುಂಡಿನೊಳಗೆ ಹೋಗುವಂತೆ ಮಾಡಿರಿ. ಹೆಚ್ಚಿನ ಕೋಲುಗಳು ಮುರಿಯುವುದು ಕಾಲಿನಡಿಯಲ್ಲಿಯೇ. ಇನ್ನೊಂದು ಪಕ್ಕವನ್ನೂ ನಡುವಿನ ಓಡಾಟದ ಜಾಗವನ್ನೂ ಖಾಲಿ ಬಿಡಬೇಕು.

ಲಂಗರಿನ ಹಗ್ಗ ನೀರಿನ ಆಳದ ಏಳು ಪಟ್ಟು ಬಿಟ್ಟರೆ ಗಾಳಿಯಲ್ಲಿಯೂ ಹಿಡಿತ ನಿಲ್ಲುತ್ತದೆ. ಲಂಗರನ್ನು ಮೂತಿಯಿಂದಲೇ ಇಳಿಸಬೇಕು. ಹಿಂದಿನಿಂದ ಇಳಿಸಿದರೆ ತಗ್ಗಾದ, ಚಪ್ಪಟೆಯಾದ, ಮೋಟಾರಿನ ಭಾರವಿರುವ ಹಿಂಗೋಡೆ ಅಲೆಗೆ ಎದುರಾಗಿ, ಒಂದೆರಡು ಅಲೆಗಳಲ್ಲಿಯೇ ದೋಣಿ ತುಂಬಬಹುದು.

ಪ್ರತಿಯೊಬ್ಬರಿಗೂ ಕೋಸ್ಟ್ ಗಾರ್ಡ್ ಅನುಮೋದಿಸಿದ ಜೀವರಕ್ಷಕ ಅಂಗಿ ಇರಲೇಬೇಕು, ಅದು ಪೆಟ್ಟಿಗೆಯಲ್ಲಿರುವ ಬದಲು ಮೈಮೇಲಿರಲಿ. ನೆರೆಯ ನ್ಯೂಯಾರ್ಕಿನಲ್ಲಿ ನವೆಂಬರ್ 1ರಿಂದ ಮೇ 1ರವರೆಗೆ, ಪೆನ್ಸಿಲ್ವೇನಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 30ರವರೆಗೆ, ಇಷ್ಟು ಚಿಕ್ಕ ದೋಣಿಯಲ್ಲಿ ಅದನ್ನು ತೊಟ್ಟೇ ಇರಬೇಕೆಂಬ ಕಾನೂನಿದೆ. ಸೀಟಿ, ಒಂದು ಹುಟ್ಟು, ನೀರು ಮೊಗೆಯುವ ಪಾತ್ರೆ ಮತ್ತು ತೂಬಿನ ಇನ್ನೊಂದು ಬಿರಡೆ ಇವುಗಳಿಗೆ ಖಾಯಂ ಜಾಗ ಗೊತ್ತುಮಾಡಿರಿ. ಕತ್ತಲಾದ ಮೇಲೂ ನೀರಿನಲ್ಲಿರುವವರಿಗೆ ದೀಪಗಳು ಬೇಕು.

7. ಕೊನೆಯ ಪರೀಕ್ಷೆ ಮತ್ತು ಎಚ್ಚರಿಕೆಯ ಚಿಹ್ನೆಗಳು

ಗಾಳಿಯಿಲ್ಲದ ಬೆಳಿಗ್ಗೆ, ದಡದಿಂದ ದೂರ ಹೋಗದೆ, ಪೂರ್ತಿ ಸಾಮಾನು ಮತ್ತು ಇಬ್ಬರನ್ನು ಹೊತ್ತ ದೋಣಿಯ ನಾಲ್ಕು ಮೂಲೆಗಳಲ್ಲಿ ನೀರಿನಿಂದ ಅಂಚಿನವರೆಗಿನ ಎತ್ತರವನ್ನು ಅಳೆದು ಬರೆದಿಡಿರಿ. ಎಡಬಲಗಳು ಸಮವಾಗಿರಬೇಕು. ಅರ್ಧ ಗಂಟೆಯ ನಂತರ ನೆಲಹಲಗೆ ಎತ್ತಿ ಕೆಳಗೆ ನೀರಿದೆಯೇ ನೋಡಿರಿ. ಮೋಟಾರನ್ನು ಐದು ನಿಮಿಷ ಪೂರ್ಣ ವೇಗದಲ್ಲಿ ಓಡಿಸಿ, ನಿಲ್ಲಿಸಿ, ವೈರಿನ ಪ್ರತಿಯೊಂದು ಜೋಡಣೆಯನ್ನೂ ಕೈಯಿಂದ ಮುಟ್ಟಿರಿ; ಉಳಿದವುಗಳಿಗಿಂತ ಬಿಸಿಯಾದದ್ದು ಸರಿಯಾಗಿ ಅದುಮದ ಜೋಡಣೆ.

ಆ ದಿನ ಬರೆದಿಟ್ಟ ನಾಲ್ಕು ಅಳತೆಗಳು ಮುಂದೆ ಬಹಳ ಉಪಯೋಗಕ್ಕೆ ಬರುತ್ತವೆ. ಮರುವರ್ಷ ಅದೇ ಸಾಮಾನಿಗೆ ದೋಣಿ ಒಂದಂಗುಲ ಹೆಚ್ಚು ಮುಳುಗಿದರೆ ಫೋಮ್ ನೀರು ಕುಡಿದಿದೆ ಎಂದು ತಿಳಿಯಬೇಕು. ಬೋಲ್ಟಿನ ಸುತ್ತ ಬಿಳಿ ಪುಡಿ ಕಂಡರೆ ಲೋಹಗಳ ನಡುವಿನ ಲೇಪ ಹೋಗಿದೆ. ನೆಲಹಲಗೆ ಕಾಲಿಗೆ ಮೆತ್ತಗಾದರೆ ಎಪಾಕ್ಸಿ ಎಲ್ಲೋ ಬಿರಿದಿದೆ. ಬ್ರೇಕರ್ ಪದೇ ಪದೇ ವಿದ್ಯುತ್ ಕಡಿದರೆ ದೊಡ್ಡ ಬ್ರೇಕರ್ ಹಾಕುವುದು ಪರಿಹಾರವಲ್ಲ. ಮೊದಲು ಮೋಟಾರಿನ ಪಂಖಕ್ಕೆ ಯಾರೋ ಬಿಟ್ಟುಹೋದ ಗಾಳದ ದಾರ ಸುತ್ತಿಕೊಂಡಿದೆಯೇ ಎಂದು ನೋಡಿರಿ, ಹತ್ತರಲ್ಲಿ ಎಂಟು ಸಲ ನನಗೆ ಅದೇ ಸಿಕ್ಕಿದೆ.

ಪ್ರತಿ ಸಲ ನೀರಿನಿಂದ ಮೇಲೆತ್ತಿದೊಡನೆ ಬಿರಡೆ ತೆಗೆದು, ಜೊಂಡು ಕಿತ್ತು, ತಳವನ್ನು ಒಣಗಿಸಬೇಕು. ತೆಗೆದ ಬಿರಡೆಯನ್ನು ಕಾರಿನ ಕೀಲಿಗೊಂಚಲಿಗೆ ಸಿಕ್ಕಿಸಿಡಿರಿ. ಮುಂದಿನ ಸಲ ಇಳಿಜಾರಿನಲ್ಲಿ ದೋಣಿಯನ್ನು ನೀರಿಗೆ ತಳ್ಳಿ, ಅದು ಹಿಂದಿನಿಂದ ಮೆಲ್ಲಗೆ ತುಂಬುವುದನ್ನು ನೋಡುತ್ತ ಕಾರಿನತ್ತ ಓಡುವ ಪ್ರಮೇಯ ಬರುವುದಿಲ್ಲ.